ಮಿತಿಮೀರಿದ ದಂಡ

ಮಿತಿಮೀರಿದ ಸೆರೆವಾಸವನ್ನು ವಿಧಿಸಿದ ರಾಜ್ಯವು ಕಾಲಾಂತರದಲ್ಲಿ ಅದರ ಅವಧಿಯನ್ನು ಮೊಟಕುಗೊಳಿಸಿ ಬಂದಿಯನ್ನು ಬಿಟ್ಟುಕೊಟ್ಟಾಗ ಲೋಕವು ಅದನ್ನು ಕ್ಷಮಾದಾನವೆನ್ನುತ್ತದೆ. ಅಲ್ಲಿ ಯಾರು ಯಾರನ್ನು ಕ್ಷಮಿಸಿದಂತಾಯಿತೆಂಬ ಪ್ರಶ್ನೆ ಮಾತ್ರ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ.

ಅಮೆರಿಕ ಸಂಯುಕ್ತ ಸಂಸ್ಥಾನದ 1986ರ ಶಾಸನವೊಂದು, 500 ಗ್ರಾಂ ಕೊಕೇನ್ ಪುಡಿಯನ್ನು ಮಾರಿದವನಿಗೆ ಯಾವ ಐದು ವರ್ಷಗಳ ಕನಿಷ್ಠ ಸೆರೆಯನ್ನು ಗೊತ್ತುಮಾಡಿತೋ, ಅದೇ ದ್ರವ್ಯದ ರೂಪಾಂತರವಾದ ಕ್ರ್ಯಾಕನ್ನು ಕೇವಲ 5 ಗ್ರಾಂ ಮಾರಿದವನಿಗೂ ಅದನ್ನೇ ಗೊತ್ತುಮಾಡಿತು. ಹೀಗೆ ಕ್ರ್ಯಾಕಿನ ದೆಸೆಯಿಂದ ಸೆರೆಬಿದ್ದವರಲ್ಲಿ ಬಹುಪಾಲಿನವರು ಕಪ್ಪು ಜನರು. 2010ರಲ್ಲಿ ಶಾಸನಸಭೆಯೇ ತನ್ನ ಅಳತೆ ತಪ್ಪೆಂದು ಮನಗಂಡು, ನೂರಕ್ಕೊಂದೆಂಬ ಪ್ರಮಾಣವನ್ನು ಹದಿನೆಂಟಕ್ಕೊಂದಕ್ಕೆ ತಗ್ಗಿಸಿತು. ಆದರೆ ಹಳೆಯ ಕೊಳಗದಲ್ಲಿ ಅಳೆಯಲ್ಪಟ್ಟು ಆಗಲೇ ಒಳಗಿದ್ದವರಿಗೆ ಹೊಸ ಕೊಳಗ ದೊರೆಯಲಿಲ್ಲ. ಅವರಲ್ಲಿ ಅನೇಕರಿಗೆ ಉಳಿದಿದ್ದುದು ಅಧ್ಯಕ್ಷರ ಕ್ಷಮಾಧಿಕಾರವೊಂದೇ. ಬರಾಕ್ ಒಬಾಮಾ ಅವರು ತಮ್ಮ ಅವಧಿಯಲ್ಲಿ 1,715 ಮಂದಿಯ ಶಿಕ್ಷೆಯನ್ನು ಇಳಿಸಿದರು. ಆ ಪೈಕಿ ಐನೂರಕ್ಕೂ ಮಿಕ್ಕಿ ಜೀವಾವಧಿ ಬಂದಿಗಳು.

ಇದು ದಯೆಯೇ? ಅರಸನ ಜನ್ಮನಕ್ಷತ್ರದಂದೂ ಹುಣ್ಣಿಮೆಯಂದೂ ಬಾಲ, ವೃದ್ಧ, ವ್ಯಾಧಿತ, ಅನಾಥರನ್ನು ಸೆರೆಯಿಂದ ಬಿಡಬೇಕೆಂದು ಕೌಟಿಲ್ಯನು ಹೇಳುವುದುಂಟು. ಅದು ದಯೆಯೆಂಬುದರಲ್ಲಿ ಸಂದೇಹವಿಲ್ಲ, ಏಕೆಂದರೆ ಅಲ್ಲಿ ದಂಡವು ನ್ಯಾಯವಾದದ್ದೇ ಆಗಿದ್ದು, ಬಿಡುವವನು ತನಗೆ ಸಲ್ಲತಕ್ಕದ್ದನ್ನು ಬಿಡುತ್ತಾನೆ. ಸಲ್ಲದುದನ್ನು ಕೊಂಡವನು ಅದನ್ನು ಬಿಡುವುದು ಬೇರೆ ಮಾತು. ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ್ದು ಯಾವ ಸ್ಮೃತಿಗೋ ಆ ಯಾಜ್ಞವಲ್ಕ್ಯಸ್ಮೃತಿಯು, ಅನ್ಯಾಯವಾಗಿ ದಂಡವನ್ನು ಕೊಂಡ ಅರಸನು ಅದರ ಮೂವತ್ತು ಮಡಿಯನ್ನು ವರುಣನಿಗೆ ನಿವೇದಿಸಿ ಬ್ರಾಹ್ಮಣರಿಗೆ ದಾನಮಾಡಬೇಕೆನ್ನುತ್ತದೆ. ದಾನವನ್ನು ಪಡೆಯುವವರು ಯಾರೆಂಬುದು ಇಂದು ನಮಗೆ ಮುಖ್ಯವಲ್ಲ. ದಂಡಿಸುವವನ ನೆತ್ತಿಯ ಮೇಲೂ ಒಬ್ಬ ದಂಡಧರನಿದ್ದಾನೆಂಬ ಆ ಭಯವೇ ಮುಖ್ಯ.

ತೀರ್ಪನ್ನು ಸಡಿಲಿಸಿದರೆ ಶಾಸನದ ಗೌರವ ಕುಂದುತ್ತದೆಂದು ಹೇಳುವವರ ಆತಂಕವನ್ನು ನಾನು ಹಗುರಾಗಿ ಕಾಣುವವನಲ್ಲ. ಆದರೆ ತಪ್ಪೆಂದು ತಾನೇ ಒಪ್ಪಿದ ಅಳತೆಯಂತೆ ಒಬ್ಬ ಮನುಷ್ಯನನ್ನು ಇನ್ನೂ ಹತ್ತು ವರ್ಷ ಕೂಡಿಹಾಕಿಡುವ ಶಾಸನಕ್ಕೆ ಕುಂದುವಷ್ಟು ಗೌರವವಾದರೂ ಎಲ್ಲಿ ಉಳಿದೀತು? ಹಣವನ್ನಾದರೆ ಮೂವತ್ತು ಮಡಿಯಾಗಿ ತೆರಬಹುದು. ಕಳೆದ ವರ್ಷದ ಒಂದು ಪಾಲನ್ನೂ ಯಾವ ಅರಸನೂ ತೆರಲಾರ. ಶಿಕ್ಷೆಯನ್ನು ಇಳಿಸುವವನು ಮಾಡಬಲ್ಲದ್ದು, ಇನ್ನು ಮುಂದೆ ಕೊಳ್ಳದೆ ಕೈಹಿಂದೆಗೆಯುವುದಷ್ಟೇ.

2018ರಲ್ಲಿ ಇನ್ನೊಂದು ಶಾಸನವು ಹೊಸ ಅಳತೆಯನ್ನು ಹಳೆಯ ಬಂದಿಗಳಿಗೂ ಅನ್ವಯಿಸಿತು. ಅಷ್ಟರೊಳಗೆ ಹಳೆಯ ಅಳತೆಯ ಕೊನೆಯ ದಿನವನ್ನೂ ಒಳಗೇ ಕಳೆದು, ಯಾರ ಕ್ಷಮೆಯೂ ಇಲ್ಲದೆ ಹೊರಬಂದವರಿಗೆ ಇಳಿಸುವುದಕ್ಕೆ ಏನೂ ಉಳಿದಿರಲಿಲ್ಲ.