ಹೊರೆಗಲ್ಲು

ನಮ್ಮೂರು ಹೊಸೂರು ಕಡೆಯ ಬಾಗಲೂರಿನಿಂದ ಬೇರಿಗೆಗೆ ಹೋಗುವ ದಾರಿಯಲ್ಲಿದೆ. ಮನೆಯಲ್ಲಿ ಕನ್ನಡ, ಹೊಲದಲ್ಲಿ ತೆಲುಗು, ತಾಲ್ಲೂಕು ಕಚೇರಿಯಲ್ಲಿ ತಮಿಳು. ಊರ ಮುಂದಿನ ಹುಣಸೆಮರದ ಕೆಳಗೆ ಒಂದು ಹೊರೆಗಲ್ಲು ಇತ್ತು. ತಮಿಳಿನವರು ಅದನ್ನು ಸುಮೈತಾಂಗಿ ಅನ್ನುತ್ತಾರೆ. ಭುಜದ ಮಟ್ಟಕ್ಕೆ ನೆಟ್ಟ ಎರಡು ಕಲ್ಲುಕಂಬ, ಅವುಗಳ ಮೇಲೆ ಅಡ್ಡಲಾಗಿ ಆರಡಿ ಉದ್ದದ ಒಂದು ಚಪ್ಪಡಿ, ಅಷ್ಟೆ. ತಲೆಹೊರೆ ಹೊತ್ತು ಸಂತೆಗೆ ಹೊರಟವನು ಒಬ್ಬನೇ ಇದ್ದರೆ ಹೊರೆ ಇಳಿಸುವುದು ಕಷ್ಟ, ಇಳಿಸಿದರೆ ಮತ್ತೆ ಎತ್ತಿಕೊಳ್ಳುವುದು ಇನ್ನೂ ಕಷ್ಟ. ಈ ಕಲ್ಲಿನ ಮುಂದೆ ಕೊಂಚ ಬಗ್ಗಿದರೆ ಸಾಕು, ಹೊರೆ ಚಪ್ಪಡಿಯ ಮೇಲಕ್ಕೆ ಜಾರುತ್ತದೆ. ಹೊರಡುವಾಗ ತಲೆಯೊಡ್ಡಿದರೆ ಆಯಿತು, ಎತ್ತಿಕೊಡಲು ಇನ್ನೊಬ್ಬರು ಬೇಕಿಲ್ಲ.

ಅದನ್ನು ನಿಲ್ಲಿಸಿದ್ದು ನಮ್ಮ ಅಜ್ಜಿಯ ಅಕ್ಕನ ಹೆಸರಿನಲ್ಲಿ. ಆಕೆ ತುಂಬಿದ ಬಸುರಿಯಾಗಿದ್ದಾಗಲೇ ತೀರಿಕೊಂಡರಂತೆ. ಹೊಟ್ಟೆಯ ಭಾರ ಇಳಿಸದೆ ಹೋದ ಹೆಣ್ಣಿಗೆ ಅತ್ತಲೂ ಆ ಭಾರ ತಪ್ಪುವುದಿಲ್ಲ, ದಾರಿಹೋಕರು ಅವಳ ಕಲ್ಲಿನ ಮೇಲೆ ಹೊರೆ ಇಳಿಸಿದ ಒಂದೊಂದು ಸಲವೂ ಅವಳ ಭಾರ ಅಷ್ಟಷ್ಟು ಇಳಿಯುತ್ತದೆ ಅನ್ನುವುದು ನಂಬಿಕೆ. ತಮಿಳುನಾಡಿನ ಎಷ್ಟೋ ಸುಮೈತಾಂಗಿಗಳು ಹೀಗೆಯೇ ಹುಟ್ಟಿದವು. ನಾವು ಹುಡುಗರು ಹತ್ತಿ ಕೂತರೆ ಅಜ್ಜಿ ಗದರುತ್ತಿದ್ದಳು: "ಇಳಿ ಮಗ, ಅದು ಕೂರೋ ಕಲ್ಲಲ್ಲ, ನಮ್ಮಕ್ಕ."

ನಾನು ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ವಸಾಹತಿನಲ್ಲಿ ಒಂದು ಕಾರ್ಖಾನೆಯ ಡಿಸ್ಪ್ಯಾಚ್ ವಿಭಾಗದಲ್ಲಿ 31 ವರ್ಷ ಕೆಲಸ ಮಾಡಿದೆ. ತಮಿಳುನಾಡು ಸರ್ಕಾರ ಸಿಪ್‌ಕಾಟ್ ಸಂಸ್ಥೆಯನ್ನು ಕಟ್ಟಿದ್ದು 1971ರಲ್ಲಿ. ಅದೇ ದಶಕದಲ್ಲಿ ಹೊಸೂರಿನ ಸುತ್ತಿನ ಹೊಲಗಳು ಕೈಗಾರಿಕೆಗೆ ಹೋದವು. 1980ರ ಹೊತ್ತಿಗೆ ಅಶೋಕ್ ಲೇಲ್ಯಾಂಡ್ ಲಾರಿ, ಟಿವಿಎಸ್ ಮೊಪೆಡ್ಡು, ಆ ದಶಕದ ಕೊನೆಗೆ ಟೈಟಾನ್ ಗಡಿಯಾರ. ನಮ್ಮ ಮನೆಯ ಸಾಲ ತೀರಿದ್ದು, ತಂಗಿಯ ಮದುವೆಯಾದದ್ದು ಈ ಸಂಬಳದಿಂದಲೇ. ಇದನ್ನು ಮರೆತು ಬರೆದರೆ ಉಂಡ ಮನೆಗೆ ಎರಡು ಬಗೆದಂತೆ.

ನಾನು ಸೇರಿದಾಗ ಸ್ಟೋರ್‌ನಲ್ಲಿ ತಿಂಗಳಿಗಾಗುವಷ್ಟು ಸಾಮಾನು ಇರುತ್ತಿತ್ತು. ನಿವೃತ್ತನಾಗುವಾಗ ಒಂದು ಪಾಳಿಗೆ ಆಗುವಷ್ಟು. ಗೋಡೌನಿನಲ್ಲಿ ಬಿದ್ದಿರುವ ಸಾಮಾನು ಕಟ್ಟಿಹಾಕಿದ ದುಡ್ಡು ಅಂತ ಹೇಳಿಕೊಟ್ಟರು, ಕಲಿತೆವು. ಆದರೆ ಸಾಮಾನು ಎಲ್ಲಾದರೂ ಇರಲೇಬೇಕಲ್ಲ! ಅದು ಗೋಡೌನಿನಿಂದ ಎದ್ದು ಬಂದು ಗೇಟಿನಾಚೆ, ಸರ್ವಿಸ್ ರಸ್ತೆಯ ಅಂಚಿನಲ್ಲಿ ನಿಂತ ಲಾರಿಗಳಲ್ಲಿ, ತಾರ್ಪಾಲಿನ ಕೆಳಗೆ ಕೂತಿತು. ಗೋಡೌನಿನ ಬಾಡಿಗೆ ಕಾರ್ಖಾನೆಗೆ ಉಳಿಯಿತು. ಆ ಬಾಡಿಗೆಯನ್ನು ನಿದ್ದೆಗೆಟ್ಟು ಕಟ್ಟಿದವನು ಡ್ರೈವರ್.

ಇದರ ಮೇಲೆ ಬೆಂಗಳೂರು ಬೇರೆ. ಶ್ರೀನಗರದಿಂದ ಕನ್ಯಾಕುಮಾರಿಗೆ ಇಳಿಯುವ 44ನೇ ಹೆದ್ದಾರಿ, ದಿಲ್ಲಿಯಿಂದ ಮುಂಬೈ ಹಾದು ಚೆನ್ನೈಗೆ ಹೋಗುವ 48ನೇ ಹೆದ್ದಾರಿ, ಎರಡೂ ಬೆಂಗಳೂರಿನಿಂದ ಕೃಷ್ಣಗಿರಿಯ ತನಕ ಒಂದೇ ರಸ್ತೆಯಲ್ಲಿ ಓಡುತ್ತವೆ. ಹಗಲು ಹೊತ್ತಿನಲ್ಲಿ ಭಾರಿ ಗಾಡಿಗಳಿಗೆ ಬೆಂಗಳೂರಿನೊಳಗೆ ನಿರ್ಬಂಧ. ಹಾಗಾಗಿ ಹೊಸೂರಿನಿಂದ ಅತ್ತಿಬೆಲೆಯವರೆಗೆ ರಸ್ತೆಯ ಮಗ್ಗುಲೇ ರಾತ್ರಿಗಾಗಿ ಕಾಯುವ ಅಂಗಳವಾಗಿದೆ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ತೆರಿಗೆ ಚೆಕ್‌ಪೋಸ್ಟಿನ ಮುಂದಿನ ಸಾಲು ಕರಗಿತು. ಕಾಯುವುದು ಕರಗಲಿಲ್ಲ. ಸರಕಿನ ಜೊತೆ ಇರಬೇಕಾದ ಇ-ವೇ ಬಿಲ್ಲಿನ ಅವಧಿಗೆ ಇನ್ನೂರು ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ಗಾಡಿ ನಿಂತಿದ್ದರೂ ಆ ಲೆಕ್ಕ ನಿಲ್ಲುವುದಿಲ್ಲ.

ಒಂದು ಏಪ್ರಿಲ್‌ನ ಮಾತು. ನಾಮಕ್ಕಲ್ ಕಡೆಯ ಡ್ರೈವರೊಬ್ಬರು, ಐವತ್ತು ದಾಟಿದವರು, ಲೋಡು ಇಳಿಸಲು ಬಂದು ಮೂರನೆಯ ದಿನ. "ಕರೆಯುವ ತನಕ ಯಾವ ಗಾಡಿಯನ್ನೂ, ಯಾವ ಡ್ರೈವರನ್ನೂ ಒಳಗೆ ಬಿಡಕೂಡದು" ಅಂತ ಗೇಟಿನಲ್ಲಿ ಅಂಟಿಸಿದ್ದ ಕಾಗದಕ್ಕೆ ರುಜು ಹಾಕಿದ್ದವನು ನಾನೇ. ಅವರು ಕಂಬಿಯ ಸಂದಿಯಿಂದ ಖಾಲಿ ಬಾಟಲಿ ಚಾಚಿದರು. ನೀರು ತುಂಬಿಸಿ ಕೊಡಿಸಿದೆ. "ಸಾರ್, ಒಂದು ಸಲ ಕಕ್ಕಸಿಗೆ ಒಳಗೆ ಬಿಡಿ" ಅಂದರು. ಬಿಡಲಿಲ್ಲ. ಒಬ್ಬರನ್ನು ಬಿಟ್ಟರೆ ಹೊರಗಿದ್ದ ಇಪ್ಪತ್ತು ಜನರನ್ನೂ ಬಿಡಬೇಕಾಗುತ್ತದೆ ಅನ್ನುವುದು ಆವತ್ತಿನ ನನ್ನ ನ್ಯಾಯ. ಅವರು ಏನೂ ಅನ್ನದೆ ನಾನು ಕೊಡಿಸಿದ ಅದೇ ಬಾಟಲಿ ಹಿಡಿದು ಪೊದೆಯ ಕಡೆ ನಡೆದರು. ಆ ಬೆನ್ನು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅಜ್ಜಿಯ ಕಲ್ಲು ನನಗೆ ನೆನಪಾದದ್ದು ಆವತ್ತು ರಾತ್ರಿ.

ಕಾನೂನು ಇಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯೇ ದಿನಕ್ಕೆ ಎಂಟು ಗಂಟೆ ಅಂದಿತ್ತು, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆಯಾದರೂ ವಿಶ್ರಾಂತಿ ಅಂದಿತ್ತು. 2024ರಲ್ಲಿ ಹೆದ್ದಾರಿಗಳ ಬದಿ ಚಾಲಕರಿಗಾಗಿ ಮೊದಲ ಹಂತದಲ್ಲಿ 1000 ವಿಶ್ರಾಂತಿ ಕೇಂದ್ರ ಕಟ್ಟುವುದಾಗಿ ಕೇಂದ್ರ ಸರ್ಕಾರ ಹೇಳಿತು. 2025ರ ಅಕ್ಟೋಬರ್‌ನಿಂದ ಹೊಸ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಯಿತು. ಒಳ್ಳೆಯದೇ. ಆದರೆ ತಂಪಾದ ಆ ಕ್ಯಾಬಿನ್ನು ಎಲ್ಲಿ ನಿಲ್ಲಬೇಕು?

ನನ್ನ ತಂಗಿಯ ಮಗಳು ನಗರ ಯೋಜನೆ ಓದಿದವಳು. ಯುಗಾದಿಗೆ ಬಂದಾಗ ಭೂಬಳಕೆಯ ನಕ್ಷೆಯೊಂದನ್ನು ಹಜಾರದಲ್ಲಿ ಹರಡಿದಳು. ಮನೆಗಳಿಗೆ ಹಳದಿ, ಬೇಸಾಯಕ್ಕೆ ಹಸಿರು, ಕೈಗಾರಿಕೆಗೆ ನೇರಳೆ. ಲಾರಿ ಎಲ್ಲಿ ಅಂತ ಕೇಳಿದೆ. ಬೂದುಬಣ್ಣದ ಗೆರೆಯ ಮೇಲೆ ಬೆರಳು ಓಡಿಸಿದಳು. "ಅದು ಓಡುವಾಗ. ನಿಂತಾಗ?" ಸ್ವಲ್ಪ ಹೊತ್ತು ಹುಡುಕಿ, "ನಿಂತಾಗ ಅದಕ್ಕೆ ಬಣ್ಣ ಇಲ್ಲ ಮಾವ" ಅಂದಳು. ಯಶವಂತಪುರದಲ್ಲಿ ದೇವರಾಜ ಅರಸ್ ಟ್ರಕ್ ಟರ್ಮಿನಲ್ ಇದೆ, ದಾಬಸ್‌ಪೇಟೆಯ ಕಡೆ 400 ಎಕರೆಯ ಲಾಜಿಸ್ಟಿಕ್ಸ್ ಪಾರ್ಕ್ ಬರುತ್ತಿದೆ ಅಂತಲೂ ಹೇಳಿದಳು. ಎರಡೂ ಬೆಂಗಳೂರಿನ ಆಚೆ ಮಗ್ಗುಲು. ಈಚೆ ಮಗ್ಗುಲಿನವನು ನಗರದೊಳಗಿಂದ ಅಲ್ಲಿಗೆ ಹೋಗಬೇಕಾದರೂ ಮೊದಲು ರಾತ್ರಿಯಾಗಬೇಕು.

ನಮ್ಮ ತಾತನ ಕಾಲದ ಪಾಲುಪತ್ರ ನನ್ನ ಟ್ರಂಕಿನಲ್ಲಿದೆ. "ಸ್ಥಾವರ ಜಂಗಮ ಸ್ವತ್ತುಗಳು" ಅಂತ ಶುರುವಾಗುತ್ತದೆ. ಹೊಲ, ಬಾವಿ, ಮನೆ ಸ್ಥಾವರ. ಎತ್ತು, ಬಂಡಿ, ಪಾತ್ರೆಪಡಗ ಜಂಗಮ. ಬರೆದವರು ಸ್ಥಾವರವನ್ನು ಚಕ್ಕುಬಂದಿ ಸಮೇತ ಪುಟಗಟ್ಟಲೆ ವರ್ಣಿಸಿ, ಜಂಗಮವನ್ನು ಎರಡು ಸಾಲಿನಲ್ಲಿ ಮುಗಿಸಿದ್ದಾರೆ. ಇದೇ ಎರಡು ಪದಗಳನ್ನು ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ತಿರುವಿ ಹಾಕಿದರು. ನೆಲೆನಿಂತದ್ದಕ್ಕಿಂತ ನಡೆದಾಡುವುದು ದೊಡ್ಡದು ಅಂದರು. ನಮ್ಮದು ಲಿಂಗ ಕಟ್ಟಿದ ಮನೆ. ಜಂಗಮರು ಬಂದರೆ ಅವ್ವ ಕಾಲು ತೊಳೆದು ಒಳಗೆ ಕರೆಯುತ್ತಿದ್ದಳು. ಅಂಥ ಮನೆಯವನು ನಾನು, ನಡೆದುಬಂದವನನ್ನು ಗೇಟಿನಾಚೆ ನಿಲ್ಲಿಸಿದೆ. ಲಾರಿ ಡ್ರೈವರನ್ನು ಜಂಗಮ ಅಂದರೆ ಹಿರಿಯರು ಒಪ್ಪದಿರಬಹುದು. ದೀಕ್ಷೆ ಇಲ್ಲ, ಬೆತ್ತ ಜೋಳಿಗೆ ಇಲ್ಲ. ಆದರೆ ಬರುವವನ ಯೋಗ್ಯತೆ ಅಳೆದು ಕೊಡುವುದಾದರೆ ಅದು ದಾಸೋಹವಲ್ಲ, ವ್ಯಾಪಾರ. ನನಗಂತೂ ಇದರಲ್ಲಿ ಅನುಮಾನ ಉಳಿದಿಲ್ಲ.

ಹೊರೆಗಲ್ಲನ್ನು ಯೋಚಿಸಿದಷ್ಟೂ ಅದು ಪಾಲುಪತ್ರಕ್ಕೂ ಸಿಗುವುದಿಲ್ಲ, ಸ್ಥಾವರ ಕೀಳು ಅನ್ನುವ ಮಾತಿಗೂ ಸಿಗುವುದಿಲ್ಲ. ಕಲ್ಲು, ನೆಟ್ಟದ್ದು, ಅಲುಗದ್ದು. ಆದರೂ ನಡೆಯುವವನು ಇಲ್ಲದಿದ್ದರೆ ಅದು ಇರುವುದಕ್ಕೆ ಕಾರಣವೇ ಇಲ್ಲ. ಯಜ್ಞಯಾಗ ಮಾಡಿದರೆ ಇಷ್ಟ; ಕೆರೆ, ಬಾವಿ, ಅರವಟಿಗೆ, ಛತ್ರ ಕಟ್ಟಿಸಿದರೆ ಪೂರ್ತ ಅಂತ ಶಾಸ್ತ್ರದಲ್ಲಿ ಎರಡು ಬಗೆ ಹೇಳುತ್ತಾರೆ. ಹೊರೆಗಲ್ಲು ಬಡವರ ಪೂರ್ತ. ಅದರ ಪುಣ್ಯ ಹರಿಯುವ ದಾರಿ ನೋಡಿ: ಕಟ್ಟಿಸಿದವರು ಅದನ್ನು ತಮಗೆ ಇಟ್ಟುಕೊಳ್ಳಲಿಲ್ಲ, ಸತ್ತ ಮಗಳಿಗೆ ಕೊಟ್ಟರು. ಅದನ್ನು ಅವಳಿಗೆ ಮುಟ್ಟಿಸುವವನು ಅವಳ ಹೆಸರೂ ಗೊತ್ತಿಲ್ಲದ, ಸೌತೆಕಾಯಿ ಬುಟ್ಟಿ ಹೊತ್ತ ಯಾರೋ. ಅವನು ಸುಮ್ಮನೆ ದಣಿವಾರಿಸಿಕೊಳ್ಳುತ್ತಾನೆ, ಅಷ್ಟೆ. ಅವನ ಆ ನಿಟ್ಟುಸಿರೇ ಅವಳಿಗೆ ಸಲ್ಲುವ ಪೂಜೆ.

ಸರ್ಕಾರಗಳೂ ಹೀಗೆ ಯೋಚಿಸಿದ್ದುಂಟು. ಬರಗಾಲದಲ್ಲಿ ಧಾನ್ಯ ಸಾಗಿಸಲೆಂದು ತಿರುಪತ್ತೂರಿನಿಂದ ಕೃಷ್ಣಗಿರಿಗೆ, ಮೊರಪ್ಪೂರಿನಿಂದ ಧರ್ಮಪುರಿ ಹಾದು ಹೊಸೂರಿಗೆ ಕಳೆದ ಶತಮಾನದ ಆರಂಭದಲ್ಲಿ ಪುಟ್ಟ ರೈಲು ಹಾಕಿದ್ದರು. ಹಸಿದವನ ಹೊಟ್ಟೆಯನ್ನು ಲೆಕ್ಕಕ್ಕೆ ಹಿಡಿದು ಎಳೆದ ಹಳಿ ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಿತ್ತರು. ಕೃಷ್ಣಗಿರಿ ಪಟ್ಟಣಕ್ಕೆ ರೈಲು ಮತ್ತೆ ಬಂದಿಲ್ಲ. ಅದರ ಹೊರೆಯೆಲ್ಲ ಲಾರಿಯ ಮೇಲಿದೆ.

ಇಲ್ಲೊಂದು ತೊಡಕಿದೆ, ಅದನ್ನು ದಾಟಿ ಹೋಗಲಾರೆ. ಲಾರಿ ನಿಲ್ಲಲು ಜಾಗ ಬೇಕು ಅಂದರೆ ಅದು ಯಾರ ಜಾಗ? ಶೂಳಗಿರಿ ತಾಲ್ಲೂಕಿನ ಉದ್ದನಪಳ್ಳಿ, ನಾಗಮಂಗಲ, ಅಯರ್ನಪಳ್ಳಿಯ ರೈತರು 2023ರಲ್ಲಿ ಸಿಪ್‌ಕಾಟ್‌ನ ಹೊಸ ಹಂತಕ್ಕೆ ಸುಮಾರು 3000 ಎಕರೆ ಕೊಡಲಾರೆವು ಅಂತ ಧರಣಿ ಕೂತಿದ್ದರು. ಅವರ ಎದುರು ನಿಂತು ಡ್ರೈವರಿಗಾಗಿ ಇನ್ನಷ್ಟು ಬಿಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಒಬ್ಬನ ತಲೆಯಿಂದ ಇಳಿಸಿ ಇನ್ನೊಬ್ಬನ ತಲೆಗೆ ಏರಿಸಿದರೆ ಹೊರೆ ಇಳಿದಂತಾಯಿತೇ? ಜವಳಗಿರಿ, ತಳಿ ಕಾಡಿನಿಂದ ರಾಗಿ ತೆನೆಗಟ್ಟುವ ಹೊತ್ತಿಗೆ ಬರುವ ಆನೆಗಳೂ ಇದೇ ನೆಲ ಹಾಯಬೇಕು. ಸಾನಮಾವು ಕಾಡಿನ ಹತ್ತಿರ ಅವು ಹೆದ್ದಾರಿ ದಾಟಲು ಕತ್ತಲಾಗಲಿ ಅಂತ ಕಾಯುತ್ತವೆ. ಲಾರಿಯವರಂತೆಯೇ.

ನನಗೆ ಕಾಣುವುದು ಇಷ್ಟು. ಆಗಲೇ ತೆಗೆದುಕೊಂಡ ನೆಲದಲ್ಲಿ, ಮೊದಲ ಹಂತಗಳಲ್ಲಿ ಬಾಗಿಲು ಮುಚ್ಚಿ ಗಿಡಗಂಟಿ ಬೆಳೆದ ಶೆಡ್ಡುಗಳ ಅಂಗಳದಲ್ಲಿ ಮೊದಲು ಜಾಗ ಮಾಡಿ. ಇನ್ನು ಮುಂದೆ ಕಾರ್ಖಾನೆಗೆ ನೆಲ ಕೊಡುವಾಗ, ಅದರ ಬಾಗಿಲಿಗೆ ದಿನಕ್ಕೆ ಎಷ್ಟು ಗಾಡಿ ಬರುತ್ತವೋ ಅಷ್ಟಕ್ಕೆ ನಿಲ್ಲುವ ಜಾಗ, ನೀರು, ಕಕ್ಕಸು, ನೆರಳು ಅದರ ಕಾಂಪೌಂಡಿನೊಳಗೇ ಇರಬೇಕು ಅಂತ ಬರೆಯಿಸಿಕೊಳ್ಳಿ. ಹೊರೆಯಿಂದ ಯಾರಿಗೆ ಲಾಭವೋ ಕಲ್ಲು ನೆಡುವ ಋಣ ಅವರದು.

ನಮ್ಮ ಹೊರೆಗಲ್ಲು ರಸ್ತೆ ಅಗಲ ಮಾಡುವಾಗ ಉರುಳಿತು. ಕಂಬಗಳು ಏನಾದವೋ. ಚಪ್ಪಡಿ ಹೆದ್ದಾರಿ ಪಕ್ಕದ ಒಂದು ಪಂಕ್ಚರ್ ಅಂಗಡಿಯ ಮುಂದೆ ಇದೆ ಅಂತ ಹೋದ ವರ್ಷ ತಿಳಿಯಿತು. ಕೊಂಡಾದರೂ ತಂದು ಊರ ಮುಂದೆ ನಿಲ್ಲಿಸೋಣ ಅಂತ ತಂಗಿಯ ಮಗಳನ್ನು ಕರೆದುಕೊಂಡು, ಟೆಂಪೋ ಮಾಡಿಕೊಂಡು ಹೋದೆ. ಮಧ್ಯಾಹ್ನ ಎರಡು ಗಂಟೆ. ಬೇವಿನ ನೆರಳಿನಲ್ಲಿ ನಾಲ್ಕು ಹಳೆಯ ಟೈರುಗಳ ಮೇಲೆ ಚಪ್ಪಡಿ ಹಾಸಿದ್ದರು. ಅದರ ಮೇಲೆ ಒಬ್ಬ ಹುಡುಗ, ಟವೆಲು ಮುಖಕ್ಕೆ ಹಾಕಿಕೊಂಡು, ಮೈಮರೆತು ನಿದ್ದೆ ಮಾಡುತ್ತಿದ್ದ. ತಲೆಯ ಕೆಳಗೆ ಬಿಲ್ಟಿ ಕಾಗದಗಳ ಪ್ಲಾಸ್ಟಿಕ್ ಚೀಲ.

ಅಂಗಡಿಯವರಿಗೆ ವಿಷಯ ಹೇಳಿದೆ. ಅವರು ಬೇಡ ಅನ್ನಲಿಲ್ಲ, ದುಡ್ಡನ್ನೂ ಕೇಳಲಿಲ್ಲ. "ನಿಮ್ಮ ಮನೆಯವರದ್ದು, ತಗೊಂಡು ಹೋಗಿ ಅಯ್ಯಾ. ಅವನೊಬ್ಬ ಏಳಲಿ" ಅಂದರು. ಅವನ ಗಾಡಿ ಬೆಂಗಳೂರಿಗೆ, ರಾತ್ರಿಯಾಗದೆ ಒಳಗೆ ಬಿಡುವುದಿಲ್ಲ.

ಟೆಂಪೋದವನಿಗೆ ಬಾಡಿಗೆ ಕೊಟ್ಟು ಕಳಿಸಿದೆ. ತಂಗಿಯ ಮಗಳು ನಮ್ಮ ನೀರಿನ ಬಾಟಲಿಯನ್ನು ಆ ಹುಡುಗನ ಕಾಲ ಬಳಿ, ಚಪ್ಪಡಿಯ ತುದಿಯಲ್ಲಿ ಇಟ್ಟು ಬಂದಳು.