ಇಂದಿನ ಧಮ್ಮ ಚಿಂತನೆ: ವೇದಿಕೆ ಹತ್ತುವವರ ಬಟ್ಟೆ



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಧಮ್ಮಬಂಧುಗಳಿಗೆ ವಂದನೆಗಳು.

ಏಪ್ರಿಲ್ 14 ಹತ್ತಿರ ಬಂದರೆ ನಮ್ಮ ಕಾಲೊನಿಗಳಲ್ಲಿ ಒಂದು ಜಗಳ ತಪ್ಪದೆ ಬರುತ್ತದೆ. ಪಲ್ಲಕ್ಕಿ ಮೆರವಣಿಗೆ ಮುಗಿದು ರಾತ್ರಿ ಆರ್ಕೆಸ್ಟ್ರಾ. ಹಾಡುವ ಹುಡುಗ ಮಿಂಚುವ ಕೋಟು ಹಾಕಿ, ಕೂದಲಿಗೆ ಕೆಂಪು ಬಣ್ಣ ಹಚ್ಚಿ ಬರುತ್ತಾನೆ. ಬಾಬಾಸಾಹೇಬರ ವೇದಿಕೆ ಮೇಲೆ ಇದೇನು ವೇಷ ಎಂದು ಹಿರಿಯರು ಸಿಡುಕುತ್ತಾರೆ. ನಮ್ಮ ಮೈ, ನಮ್ಮ ಬಟ್ಟೆ ಎಂದು ಹುಡುಗರು. ಅವನನ್ನು ವೇದಿಕೆ ಹತ್ತಿಸಲೇಬೇಡಿ ಎನ್ನುವ ತನಕ ಮಾತು ಬೆಳೆಯುತ್ತದೆ. ಹಾಗೆ ಕೆಳಗಿಳಿಸಿದ ಹುಡುಗ ಮುಂದಿನ ಭಾನುವಾರ ಬುದ್ಧವಂದನೆಗೆ ಬರುವುದಿಲ್ಲ. ಅವನ ಜೊತೆಯವರೂ ಬರುವುದಿಲ್ಲ. ಹೀಗಾಗಿ ಇದನ್ನು ಚಿಲ್ಲರೆ ವಿಷಯ ಎಂದು ಬಿಡುವ ಹಾಗಿಲ್ಲ.

ಕನ್ನಡದಲ್ಲಿ ವೇದಿಕೆಯ ಉಡುಪಿನಿಂದಲೂ ಹೆಸರಾದ ಪಾಪ್ ಗಾಯಕ ರಘು ದೀಕ್ಷಿತ್. ಮೈಸೂರಿನಲ್ಲಿ ಬೆಳೆದವರು, ಭರತನಾಟ್ಯ ಕಲಿತವರು, ಶಿಶುನಾಳ ಶರೀಫರ ಪದಗಳನ್ನು ಗಿಟಾರಿಗೆ ಹೊಂದಿಸಿ ಹಾಡಿದವರು. ಬಣ್ಣ ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯುತ್ತಾ ಹಾಡುತ್ತಾರೆ. ಅವರ ತಂಡ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿತು. ಗಿಟಾರ್ ಹಿಡಿದವನು ಜೀನ್ಸ್ ಹಾಕಬೇಕು ಎಂದುಕೊಂಡಿದ್ದವರಿಗೆ ಲುಂಗಿ ವಿಚಿತ್ರವಾಗಿ ಕಂಡಿತು, ಆಮೇಲೆ ಚೆಂದವಾಗಿಯೂ ಕಂಡಿತು. ಒಳ್ಳೆಯದೇ ಆಯಿತು. ನಮ್ಮ ತಾತಂದಿರು ಜೀವನವಿಡೀ ಲುಂಗಿಯಲ್ಲೇ ಇದ್ದರು, ಅವರಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಇದು ಗಾಯಕರ ಮೇಲಿನ ದೂರು ಅಲ್ಲ. ಪ್ಯಾಂಟು ಹಾಕಬಲ್ಲವನು ಲುಂಗಿಯನ್ನು ಆರಿಸಿಕೊಂಡರೆ ಅದು ಫ್ಯಾಷನ್ ಆಗುತ್ತದೆ. ಬೇರೆ ಏನೂ ಇಲ್ಲದವನು ಉಟ್ಟರೆ ಅವನ ಜಾತಿಯ ಗುರುತಾಗುತ್ತದೆ.

ಇದರ ಪಕ್ಕಕ್ಕೆ ಇನ್ನೊಂದು ತಂಡವನ್ನಿಟ್ಟು ನೋಡಿ. ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಕಟ್ಟಿದ 'ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್' 2018ರ ಜನವರಿಯಲ್ಲಿ ಚೆನ್ನೈಯಲ್ಲಿ ಮೊದಲ ಸಲ ಹಾಡಿತು. ಅದರಲ್ಲಿ ಉತ್ತರ ಚೆನ್ನೈಯ ಗಾನಾ ಹಾಡುಗಾರರಿದ್ದರು. ಗಾನಾ ಎಂದರೆ ಸಾವಿನ ಮನೆ ಮುಂದೆ ಹಾಡುವ ಹಾಡು, ನಮ್ಮ ತಮಟೆಯ ಹಾಗೆ ಎಲ್ಲರಿಗೂ ಬೇಕಾದ, ಆದರೆ ಮರ್ಯಾದೆ ಸಿಗದ ಕಲೆ. ಅಂಥವರು ಅಂದು ಸಾಲಾಗಿ ಬೂದು ಬಣ್ಣದ ಸೂಟು ಹಾಕಿ ನಿಂತರು. ಮಿಂಚಿಲ್ಲ, ಗರಿಯಿಲ್ಲ. ಆಫೀಸಿಗೆ ಹೋಗುವವರ ಉಡುಪು. ಆದರೂ ನೋಡುವವರ ಕಣ್ಣು ಅಲ್ಲಿಯೇ ನಿಂತಿತು, ಏಕೆಂದರೆ ಗಾನಾ ಹಾಡುವವನ ಮೈಮೇಲೆ ಸೂಟನ್ನು ಯಾರೂ ಎದುರು ನೋಡಿರಲಿಲ್ಲ. ನಮಗಂತೂ ಸೂಟು ಎಂದ ಕೂಡಲೇ ಯಾರು ನೆನಪಾಗುತ್ತಾರೆ ಎಂದು ಹೇಳಬೇಕಾಗಿಲ್ಲ.

ಆ ತಂಡದ ಹೆಸರು ಬಂದದ್ದು ಪಂಡಿತ ಅಯೋತಿ ದಾಸರು ಬಳಸಿದ 'ಜಾತಿಯಿಲ್ಲದ ತಮಿಳರು' ಎಂಬ ಮಾತಿನಿಂದ. 1898ರಲ್ಲಿ ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದವರು ಅವರೇ. ಅದರ ಶಾಖೆ ನಮ್ಮ ಕೆಜಿಎಫ್‌ನ ಮಾರಿಕುಪ್ಪಂನಲ್ಲಿತ್ತು. ನಮ್ಮ ಜಿಲ್ಲೆಯಲ್ಲಿ ಧಮ್ಮದ ದೀಪ 1956ಕ್ಕಿಂತ ಎಷ್ಟೋ ಮೊದಲೇ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ ಹತ್ತಿತ್ತು ಎಂಬುದನ್ನು ಮಕ್ಕಳಿಗೆ ಹೇಳಿ.

ಬಟ್ಟೆಯನ್ನು ನಾವು ಹಗುರವಾಗಿ ನೋಡಲಾಗದು. ಮನುಸ್ಮೃತಿಯ 10ನೇ ಅಧ್ಯಾಯ ಚಂಡಾಲರಿಗೆ ಹೆಣದ ಮೇಲಿನ ಬಟ್ಟೆಯನ್ನೂ ಕಬ್ಬಿಣದ ಒಡವೆಯನ್ನೂ ವಿಧಿಸುತ್ತದೆ. ದೂರದಿಂದಲೇ ಗುರುತು ಸಿಗಬೇಕು ಎಂಬುದು ಲೆಕ್ಕ. ಈಗ ವಿನಯಪಿಟಕಕ್ಕೆ ಬನ್ನಿ. ಭಿಕ್ಷುಗಳು ಮಸಣದಲ್ಲಿ, ತಿಪ್ಪೆಯಲ್ಲಿ ಬಿಸಾಡಿದ ಬಟ್ಟೆಯನ್ನು ಆಯ್ದು, ಒಗೆದು, ತುಂಡು ತುಂಡು ಸೇರಿಸಿ ಹೊಲಿದು, ಬಣ್ಣ ಹಾಕಿ ಉಡುತ್ತಿದ್ದರು. ಪಾಂಸುಕೂಲ ಚೀವರ ಎಂದರೆ ಅದೇ. ಬ್ರಾಹ್ಮಣ ಮನೆತನದಿಂದ ಬಂದ ಮಹಾಕಸ್ಸಪರು ತಮ್ಮ ಮೆತ್ತನೆಯ ಮೇಲುಹೊದಿಕೆಯನ್ನು ಭಗವಾನರಿಗೆ ಕೊಟ್ಟು, ಭಗವಾನರ ಸವೆದ ಪಾಂಸುಕೂಲವನ್ನು ತಾವು ಹೊದ್ದರು. ಮನು ಶಿಕ್ಷೆಯಾಗಿ ಹೊದಿಸಿದ ಮಸಣದ ಬಟ್ಟೆಯನ್ನೇ ಸಂಘ ತನ್ನ ಇಷ್ಟದಿಂದ ಹೊದ್ದಿತು. ಇದನ್ನು ನಿಧಾನವಾಗಿ ಇನ್ನೊಮ್ಮೆ ಓದಿ.

ಬಾಬಾಸಾಹೇಬರು 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಹೆಣ್ಣುಮಕ್ಕಳಿಗೆ ಹೇಳಿದ್ದೂ ಬಟ್ಟೆಯ ಬಗ್ಗೆಯೇ. ನೋಡಿದ ಕೂಡಲೇ ಅಸ್ಪೃಶ್ಯರೆಂದು ಗುರುತು ಹಿಡಿಯುವ ಹಾಗೆ ಸೀರೆ ಉಡುವುದನ್ನು, ಒಡವೆ ಹೇರಿಕೊಳ್ಳುವುದನ್ನು ಬಿಡಲು ಹೇಳಿದರು. ತೇಪೆ ಇದ್ದರೂ ಚಿಂತೆಯಿಲ್ಲ, ಶುಭ್ರವಾಗಿರಲಿ ಎಂದರು. ಮುಂದೆ 1956ರ ಅಕ್ಟೋಬರ್ 14ರಂದು ನಾಗಪುರದ ದೀಕ್ಷಾಭೂಮಿಗೆ ಅವರೇ ಸೂಟು ಬಿಟ್ಟು ಬಿಳಿ ರೇಷ್ಮೆ ಧೋತಿ, ಬಿಳಿ ಕೋಟು ಧರಿಸಿ ಬಂದರು. ನಾವೋ ಪ್ರತಿ ವರ್ಷ ಪ್ರತಿಮೆಯ ಕೋಟಿಗೆ ನೀಲಿ ಬಣ್ಣ ಬಳಿಯುತ್ತೇವೆ, ಆ ಬಿಳಿ ಧೋತಿಯ ದಿನವನ್ನು ಅಷ್ಟಾಗಿ ನೆನೆಯುವುದಿಲ್ಲ.

ಹಾಗಾದರೆ ಶೀಲ? ನಾವು ದಿನವೂ ತೆಗೆದುಕೊಳ್ಳುವ ಪಂಚಶೀಲದಲ್ಲಿ ಅಲಂಕಾರದ ಮಾತಿಲ್ಲ. ಕುಣಿತ, ಹಾಡು, ಹೂಮಾಲೆ, ಸುಗಂಧ, ಸಿಂಗಾರ ಬಿಡುವುದು ಉಪೋಸಥ ದಿನದ ಅಷ್ಟಶೀಲದಲ್ಲಿ ಬರುತ್ತದೆ. ಅದೂ ತೆಗೆದುಕೊಂಡವರಿಗೆ ಮಾತ್ರ. ನಾನು ಉಪೋಸಥ ಹಿಡಿದಿದ್ದೇನೆ ಎಂದು ಪಕ್ಕದ ಮನೆ ಹುಡುಗನ ಕೋಟು ಬಿಚ್ಚಿಸಲಾಗದು. ಧಮ್ಮಪದದ ಅಟ್ಟಕಥೆಯಲ್ಲಿ ಸಂತತಿ ಎಂಬ ಮಂತ್ರಿ ಬರುತ್ತಾನೆ. ಏಳು ದಿನ ಕುಡಿದು, ಕುಣಿತ ನೋಡಿದವನು. ಕಣ್ಣೆದುರೇ ನರ್ತಕಿ ಕುಸಿದು ಸತ್ತಾಗ ನಶೆ ಇಳಿದು ಭಗವಾನರ ಬಳಿ ಓಡಿದ. ಮೈತುಂಬ ಒಡವೆ ಇದ್ದಂತೆಯೇ ಧಮ್ಮ ಕೇಳಿ ಅರಹಂತನಾದ. ಇವನನ್ನು ಸಮಣ ಎನ್ನಬಹುದೇ ಎಂದು ಭಿಕ್ಷುಗಳು ಕೇಳಿದರು. ಧಾರಾಳವಾಗಿ ಎನ್ನಬಹುದು ಎಂದರು ಭಗವಾನರು.

ಇಷ್ಟು ಓದಿ ಹುಡುಗರು ಗೆದ್ದೆವು ಎಂದುಕೊಳ್ಳಬೇಡಿ. ತಾಲಪುಟ ಎಂಬ ನಟರ ತಂಡದ ಯಜಮಾನ ರಾಜಗೃಹದಲ್ಲಿ ಭಗವಾನರನ್ನು ಕೇಳಿದ: ವೇದಿಕೆಯ ಮೇಲೆ ಜನರನ್ನು ನಗಿಸಿ ರಂಜಿಸುವವನು ಸತ್ತ ಮೇಲೆ ನಗುವ ದೇವತೆಗಳ ಜೊತೆ ಹುಟ್ಟುತ್ತಾನೆ ಎಂದು ಹಿಂದಿನ ಗುರುಗಳು ಹೇಳುತ್ತಾರೆ, ತಾವೇನು ಹೇಳುತ್ತೀರಿ? ಬೇಡ, ಕೇಳಬೇಡ ಎಂದು ಎರಡು ಸಲ ತಡೆದರು. ಮೂರನೆಯ ಸಲ ಉತ್ತರಿಸಿದರು. ಜನರು ಮೊದಲೇ ರಾಗ, ದ್ವೇಷ, ಮೋಹಗಳಲ್ಲಿ ಸಿಕ್ಕಿದ್ದಾರೆ. ನಟ ಅವನ್ನೇ ಇನ್ನಷ್ಟು ಕೆರಳಿಸುತ್ತಾನೆ. ತಾನೂ ಮೈಮರೆತು ಅವರನ್ನೂ ಮೈಮರೆಸುವವನು ಹೋಗುವುದು ನರಕಕ್ಕೆ ಎಂದರು. ಆ ನರಕವನ್ನು ಸತ್ತ ಮೇಲಿನ ಊರು ಎಂದು ನಾವು ಓದಬೇಕಾಗಿಲ್ಲ, ಜಾತ್ರೆಯ ರಾತ್ರಿ ಕುಡಿದು ಹೊಡೆದಾಡಿದ ಯಾವ ಊರಿನಲ್ಲಾದರೂ ಅದು ಕಾಣುತ್ತದೆ. ತಾಲಪುಟ ಅತ್ತ. ಕಟು ಉತ್ತರಕ್ಕೆ ಅತ್ತದ್ದಲ್ಲ, ಇಷ್ಟು ಕಾಲ ಗುರುಗಳು ತನ್ನನ್ನು ವಂಚಿಸಿದರಲ್ಲ ಎಂದು ಅತ್ತ. ಆಮೇಲೆ ಭಿಕ್ಷುವಾಗಿ ಅರಹಂತನಾದ.

ಆ ಉತ್ತರದಲ್ಲಿ ನಟನ ಬಟ್ಟೆಯ ಬಗ್ಗೆ ಒಂದು ಮಾತೂ ಇಲ್ಲ. ನಮ್ಮ ಹಿರಿಯರು ಕೋಟಿನ ಮಿಂಚನ್ನು ಹಿಡಿದು ಕೂಗಾಡುತ್ತಾರೆ. ಅದೇ ವೇದಿಕೆಯಲ್ಲಿ ಹೆಂಡವನ್ನು ಹೊಗಳುವ ಹಾಡು, ಹೆಣ್ಣನ್ನು ಸಾಮಾನಿನ ಹಾಗೆ ಎಣಿಸುವ ಹಾಡು ಬಂದಾಗ ತಲೆದೂಗುತ್ತಾ ಕೂತಿರುತ್ತಾರೆ, ಮುಂದಿನ ಸಾಲಿನಲ್ಲೇ. ಸಮಿತಿಯವರು ಪರಿಶೀಲಿಸಬೇಕಾದದ್ದು ಹಾಡಿನ ಪಟ್ಟಿಯನ್ನು. ಹುಡುಗರಿಗೂ ಒಂದು ಮಾತು: ಆ ಕೋಟಿನ ದುಡ್ಡು ಎಲ್ಲಿಂದ ಬಂತು? ಅಮ್ಮ ಸಂಘದಲ್ಲಿ ತೆಗೆದ ಸಾಲದಿಂದಲೋ? ಸಾಲವಿಲ್ಲದ ಸುಖವನ್ನು ಭಗವಾನರು ಗೃಹಸ್ಥರ ಸುಖಗಳಲ್ಲಿ ಎಣಿಸಿ ಅನಾಥಪಿಂಡಿಕನಿಗೆ ಹೇಳಿದ್ದಾರೆ. ಒಂದು ರಾತ್ರಿಯ ಹೊಳಪಿಗೆ ಅಮ್ಮ ವಾರವಾರ ಕಂತು ಕಟ್ಟುವುದಾದರೆ ಬಾಡಿಗೆಗೆ ತನ್ನಿ, ಇಲ್ಲವೇ ಒಗೆದ ಬಿಳಿ ಅಂಗಿಯಲ್ಲಿ ಹಾಡಿ.

ಈ ಭಾನುವಾರ ನಾಲ್ಕೂ ಕಡೆ ತಾಲಪುಟ ಸುತ್ತವನ್ನೇ ಓದಿಗೆ ಇಟ್ಟುಕೊಳ್ಳೋಣ. ಸಂಯುತ್ತ ನಿಕಾಯದ ಗಾಮಣಿ ಸಂಯುತ್ತದಲ್ಲಿದೆ, ಚಿಕ್ಕದು. ಆರ್ಕೆಸ್ಟ್ರಾ ಹುಡುಗರನ್ನು ತಪ್ಪದೆ ಕರೆಯಿರಿ. ಹೇಗಿದ್ದಾರೋ ಹಾಗೆಯೇ ಬರಲಿ.

ಸಾಧು ಸಾಧು ಸಾಧು. ಜೈ ಭೀಮ್.