ನಡುಕಟ್ಟುವ ಕೈ

ಪುನರುತ್ಥಾನರಾದ ಯೇಸುಸ್ವಾಮಿ ತಿಬೇರಿಯ ಸರೋವರದ ದಡದಲ್ಲಿ ಪೇತ್ರನಿಗೆ ತಮ್ಮ ಮಂದೆಯನ್ನು ಒಪ್ಪಿಸಿದ ಕೂಡಲೇ ಆತನ ಮುಪ್ಪಿನ ಮಾತನ್ನೆತ್ತುತ್ತಾರೆ (ಯೊವಾನ್ನ 21:18). ಪ್ರಾಯದಲ್ಲಿ ಸ್ವತಂತ್ರನಾಗಿ ಓಡಾಡಿದವನಿಗೆ ಮುಂದೊಂದು ದಿನ ಇನ್ನೊಬ್ಬರು ನಡುಕಟ್ಟಬೇಕಾಗುತ್ತದೆ. ಇದು ಪೇತ್ರನ ಮರಣವನ್ನು ಕುರಿತ ಮಾತೆಂದು ಶುಭಸಂದೇಶಕಾರನೇ ವಿವರಿಸಿದ್ದಾನೆ. ಆದರೂ ವೃದ್ಧರಿರುವ ಮನೆಯಲ್ಲಿ ಬಾಳಿದವರಿಗೆ ಈ ಮಾತು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತದೆ: ನಡುಕಟ್ಟುವ ಆ ಕೈ ಯಾರದು? ಅದು ವೃದ್ಧರನ್ನು ಎಲ್ಲಿಗೆ ಕರೆದೊಯ್ಯುತ್ತದೆ?

ಮುಪ್ಪಿನ ಪರಾವಲಂಬನೆಯನ್ನು ಅಳೆಯಲು ವೈದ್ಯರು ಬಹುಕಾಲದಿಂದ ಬಳಸುತ್ತಿರುವ ಒಂದು ಪಟ್ಟಿಯಿದೆ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತವರ ಸಂಗಡಿಗರು 1963ರಲ್ಲಿ ಪ್ರಕಟಿಸಿದ ಆ ಪಟ್ಟಿಯಲ್ಲಿ ಆರು ಅಂಶಗಳಿವೆ: ಸ್ನಾನ, ಉಡುಪು ಧರಿಸುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರಗಳ ಹಿಡಿತ, ಊಟ. ಇವುಗಳಲ್ಲಿ ಎಷ್ಟನ್ನು ಪರರ ನೆರವಿಲ್ಲದೆ ನಡೆಸಬಲ್ಲರು ಎಂಬುದೇ ಅಳತೆಗೋಲು. ಇದನ್ನು ನೋಡಿದಾಗ ಪರಾವಲಂಬನೆಯೆಂಬುದು ದೇಹದ ಸಮಾಚಾರವೆಂದು ತೋರುವುದು ಸಹಜ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರತಂದ ಮುಪ್ಪಿನ ಕುರಿತ ವರದಿ ಬೇರೊಂದು ಸತ್ಯವನ್ನು ಮುಂದಿಟ್ಟಿತು: ವ್ಯಕ್ತಿಯೊಬ್ಬರು ಏನು ಮಾಡಬಲ್ಲರು ಎಂಬುದನ್ನು ದೇಹಮನಸ್ಸುಗಳ ಶಕ್ತಿಯೊಂದೇ ನಿರ್ಧರಿಸುವುದಿಲ್ಲ; ಅವರ ಸುತ್ತಲಿನ ಪರಿಸರವೂ ಸೇರಿ ನಿರ್ಧರಿಸುತ್ತದೆ.

ಒಂದೇ ಬೀದಿಯ ಇಬ್ಬರು ತಾಯಂದಿರನ್ನು ಭಾವಿಸಿಕೊಳ್ಳಿ. ಇಬ್ಬರಿಗೂ ಎಂಬತ್ತು ವರ್ಷ, ಇಬ್ಬರಿಗೂ ಮಂಡಿನೋವು. ಒಬ್ಬರ ಬಚ್ಚಲು ಮನೆಯೊಳಗಿದೆ, ಗೋಡೆಗೆ ಹಿಡಿಕೆಯಿದೆ, ಕೈಯಲ್ಲಿ ಸ್ವಲ್ಪ ಪಿಂಚಣಿಯಿದೆ, ಸಂಜೆ ಜಪಸರಕ್ಕೆ ಕರೆಯುವ ನೆರೆಯವರಿದ್ದಾರೆ. ಇನ್ನೊಬ್ಬರ ಬಚ್ಚಲು ಹಿತ್ತಲಿನ ಮೂರು ಮೆಟ್ಟಿಲುಗಳಾಚೆ ಇದೆ. ಗಂಡ ತೀರಿಕೊಂಡಿದ್ದಾರೆ, ಮಕ್ಕಳು ಹೊರದೇಶದಲ್ಲಿದ್ದಾರೆ. ಮೊದಲನೆಯವರು ಸ್ವತಂತ್ರರು, ಎರಡನೆಯವರು ಪರಾಧೀನರು. ವ್ಯತ್ಯಾಸವಿರುವುದು ಮಂಡಿಯಲ್ಲಲ್ಲ, ಮೆಟ್ಟಿಲಿನಲ್ಲಿ. ಮೆಟ್ಟಿಲಿಗಿಂತಲೂ ಹೆಚ್ಚಾಗಿ ನೆರೆಹೊರೆಯಲ್ಲಿ.

ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ತಾಯಿಗೆ ವಯಸ್ಸಾದಾಗ ಪ್ರೀತಿಯಿಂದಲೇ ಅವರನ್ನು ಅಡುಗೆಮನೆಯಿಂದ ಬಿಡಿಸಿದೆವು. ಮೊದಲು ಒಲೆ, ಆಮೇಲೆ ಈಳಿಗೆಮಣೆ, ಕೊನೆಗೆ ಅಕ್ಕಿ ಆರಿಸುವ ಮೊರ. "ನೀವು ಸುಮ್ಮನೆ ಕೂತಿರಿ ಅಮ್ಮಾ" ಎಂದೆವು. ಅವರು ಸುಮ್ಮನೆ ಕುಳಿತರು. ವರ್ಷ ಕಳೆಯುವಷ್ಟರಲ್ಲಿ ಕುಳಿತಲ್ಲಿಂದ ಏಳಲು ಅವರಿಗೆ ನಮ್ಮ ಕೈ ಬೇಕಾಯಿತು. ಭಾನುವಾರದ ಬಲಿಪೂಜೆಗೂ ಬರುವುದಿಲ್ಲವೆಂದರು, ಮಂಡಿನೋವೆಂದು ನಂಬಿದೆವು. ನಮಗೆ ತಡವಾಗುವುದೆಂಬ ಸಂಕೋಚ ಅವರಿಗಿತ್ತೆಂದು ತಿಳಿದದ್ದು ಬಹಳ ತಡವಾಗಿ. ಕೈಕೊಟ್ಟು ಎಬ್ಬಿಸುವ ಸೇವೆಯಿದೆ, ಕೈಯ ಕೆಲಸವನ್ನೇ ಕಸಿದುಕೊಳ್ಳುವ ಸೇವೆಯೂ ಇದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಸಂಖ್ಯೆ ಸುಮಾರು 10.4 ಕೋಟಿ. ಮುಪ್ಪಿನಲ್ಲಿ ಸಂಗಾತಿಯನ್ನು ಕಳೆದುಕೊಂಡವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು; ಆಸ್ತಿಯಾಗಲಿ ಪಿಂಚಣಿಯಾಗಲಿ ಸ್ವಂತ ಹೆಸರಿನಲ್ಲಿರುವುದು ಅವರಲ್ಲಿ ಕಡಿಮೆ. ಔಷಧಕ್ಕೂ ಆಟೋರಿಕ್ಷಾಕ್ಕೂ ಕೈಚಾಚಬೇಕಾದವರು ಎಷ್ಟೋ ಸಲ ನೋವನ್ನೇ ಮುಚ್ಚಿಡುತ್ತಾರೆ. ಮುಚ್ಚಿಟ್ಟ ನೋವು ಬಲಿತು ಹಾಸಿಗೆ ಹಿಡಿಸುತ್ತದೆ. ಆ ಹಾಸಿಗೆಯ ಬಳಿ ರಾತ್ರಿ ಎಚ್ಚರವಿರುವವಳು ಸಾಮಾನ್ಯವಾಗಿ ಸೊಸೆ ಅಥವಾ ಮದುವೆಯಾಗದ ಮಗಳು. ಆಕೆಯ ದಣಿವನ್ನು ಕೇಳುವವರಿಲ್ಲ. ಒಬ್ಬಳ ಬೆನ್ನಿನ ಮೇಲೆ ಹೊರಿಸಿದ ಸೇವೆಯನ್ನು ಇಡೀ ಕುಟುಂಬದ ಪುಣ್ಯವೆಂದು ಹೇಳಿಕೊಳ್ಳುವುದು ಪ್ರಾಮಾಣಿಕವಲ್ಲ.

ಇಲ್ಲಿಯೇ ಪ್ರಭುವಿನ ಕಠಿಣ ಮಾತೊಂದು ನೆನಪಾಗುತ್ತದೆ (ಮಾರ್ಕ 7:9-13). ತಂದೆತಾಯಿಗೆ ಸಲ್ಲಬೇಕಾದುದನ್ನು 'ಕೊರ್ಬಾನ್', ಅಂದರೆ ದೇವರಿಗೆ ಮುಡಿಪು ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಅವರು ಖಂಡಿಸಿದರು. ಇಂದು ನಮ್ಮ ಕೊರ್ಬಾನ್ ಯಾವುದು? ಹಬ್ಬದ ದಿನ ನಾವು ಕೊಡುವ ದೊಡ್ಡ ಕಾಣಿಕೆಯೇ? ಹೊರದೇಶದಿಂದ ತಿಂಗಳು ತಿಂಗಳು ತಪ್ಪದೆ ಬರುವ ಹಣವೇ? ಹಣ ಬೇಡವೆಂದಲ್ಲ, ಅದು ಬಾರದ ಮನೆಗಳ ಕಷ್ಟವನ್ನು ಎಲ್ಲರೂ ಬಲ್ಲರು. ಆದರೆ ಕೊಟ್ಟದ್ದು ಕೊಡದೆ ಉಳಿದುದರ ಕ್ಷಮೆಯಾಗಬಾರದು. ಹೆತ್ತವರ ಪೋಷಣೆಗಾಗಿ 2007ರಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಬೇಕಾಯಿತು. ಅದರಡಿಯಲ್ಲಿ ನ್ಯಾಯಮಂಡಳಿಯ ಮೂಲಕ ಜೀವನಾಂಶವನ್ನು ಕೇಳಬಹುದು. ಆದರೆ ಜೊತೆಯಲ್ಲಿ ಕುಳಿತು ಉಣ್ಣುವ ಅರ್ಧ ಗಂಟೆಯನ್ನು ಯಾವ ನ್ಯಾಯಮಂಡಳಿಯೂ ಕೊಡಿಸಲಾರದು.

ಹಾಗಾದರೆ ಪರಾವಲಂಬನೆ ಅವಮಾನವೇ? ಜಗದ್ಗುರು ಎರಡನೇ ಜಾನ್ ಪಾಲರು ನಡುಗುವ ಕೈಗಳನ್ನು ಲೋಕದಿಂದ ಮರೆಮಾಡದೆ 2005ರಲ್ಲಿ ಸಾಯುವವರೆಗೂ ಪದವಿಯಲ್ಲಿದ್ದರು. ಅವರ ಉತ್ತರಾಧಿಕಾರಿ ಹದಿನಾರನೇ ಬೆನೆಡಿಕ್ಟರು ಶಕ್ತಿ ಕುಂದಿತೆಂದು ಒಪ್ಪಿಕೊಂಡು 2013ರಲ್ಲಿ ಪದವಿಯನ್ನೇ ತ್ಯಜಿಸಿದರು. ದಾರಿ ಎರಡಾದರೂ ಇಬ್ಬರೂ ದೌರ್ಬಲ್ಯವನ್ನು ಬಚ್ಚಿಡಲಿಲ್ಲ. ತಾಯಿಯ ಮಡಿಲಲ್ಲಿ ಆರಂಭವಾದ ಬದುಕು ಮತ್ತೊಬ್ಬರ ಕೈಯಲ್ಲಿ ಮುಗಿಯುವುದು ಮನುಷ್ಯಸಹಜ. ಅವಮಾನವಿರುವುದು ನೆರವು ಪಡೆಯುವುದರಲ್ಲಲ್ಲ, ಬಾಯಿಬಿಟ್ಟು ಬೇಡಿದ ಮೇಲಷ್ಟೇ ಅದು ದೊರೆಯುವುದರಲ್ಲಿ.

1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜಾನಂ ಮತ್ತವರ ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಮೂಲ ಕಾರ್ಯವೇ ಬಡವರ ಮನೆಗೆ ಹೋಗಿ ಭೇಟಿ ಮಾಡುವುದು. ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಅಜ್ಜ-ಅಜ್ಜಿಯರ ಮತ್ತು ವೃದ್ಧರ ವಿಶ್ವದಿನವನ್ನು ಸ್ಥಾಪಿಸಿ, ಸಂತ ಜೋಕಿಮ್ ಮತ್ತು ಅನ್ನಮ್ಮನವರ ಹಬ್ಬದ ಸಮೀಪದ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಗೊತ್ತುಪಡಿಸಿದರು. ಅಂದು ಶಾಲು ಹೊದಿಸಿದರೆ ಸಾಲದು. ದೇವಾಲಯದ ಮೆಟ್ಟಿಲಿಗೊಂದು ಹಿಡಿಕೆ, ಭಾನುವಾರ ಕರೆತರಲು ಒಂದು ವಾಹನ, ದಣಿದ ಸೊಸೆಗೆ ವಾರಕ್ಕೊಂದು ಮಧ್ಯಾಹ್ನದ ಬಿಡುವು: ಇವು ಯಾವ ಧರ್ಮಕೇಂದ್ರಕ್ಕೂ ಅಸಾಧ್ಯವಲ್ಲ.

ನಮ್ಮ ಮನೆಯ ಮೊರ ಈಗಲೂ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ. ಅದನ್ನು ಕಂಡಾಗಲೆಲ್ಲ ತಾಯಿಯ ಕೈಗೆ ಅದನ್ನು ಮರಳಿ ಕೊಡಬೇಕಿತ್ತು ಎನಿಸುತ್ತದೆ. ಓದುಗರ ಮನೆಯಲ್ಲಿ ಆ ಕೈ ಇನ್ನೂ ಇದ್ದರೆ, ಇಂದೇ ಕೊಡಿ.